ಅಜ್ಜಿ ಕೊಟ್ಟ ಬುಧವಾರ

ನಮ್ಮ ಅಜ್ಜಿ ಸಾಯುವ ಮುಂಚೆ ನನಗೊಂದು ಬುಧವಾರವನ್ನು ಕೊಟ್ಟುಹೋದಳು. ಅದನ್ನು ನಾನು ನಡೆಸಲಿಲ್ಲ. ಓಲೆ ಕೊಟ್ಟಿದ್ದರೆ ಕಳೆದುಹೋಯಿತು ಅನ್ನಬಹುದಿತ್ತು, ಸೀರೆ ಕೊಟ್ಟಿದ್ದರೆ ಹರಿದುಹೋಯಿತು ಅನ್ನಬಹುದಿತ್ತು. ದಿನವನ್ನು ಕೊಟ್ಟರೆ ಅದು ಕಳೆಯುವುದೂ ಇಲ್ಲ, ಹರಿಯುವುದೂ ಇಲ್ಲ. ಮಂಗಳವಾರ ಮುಗಿಯುತ್ತಲೇ ಬಂದು ಹೊಸಿಲ ಮೇಲೆ ಕೂರುತ್ತದೆ. ನಾನು ನಡೆಸದ ಆ ದಿನವನ್ನು ನನ್ನ ಅಕ್ಕ ನಡೆಸಿದಳು. ಅವಳು ನಡೆಸುತ್ತಿದ್ದಾಳೆ ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಒಂದೆರಡು ವರ್ಷವಲ್ಲ, ನನ್ನ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳಿಗೆ ಮಕ್ಕಳಾಗುವವರೆಗೆ. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವಳು ನಾನು, ಬರೆದು ಅಭ್ಯಾಸವಿಲ್ಲ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಮರದ ಬೊಂಬೆಗಳಿಗೆ ಕಣ್ಣು ಬರೆಯುತ್ತೇನೆ, ನನ್ನ ಬರವಣಿಗೆ ಅಷ್ಟೇ. ಈಗ ಕೂತು ಬರೆಯುವಾಗ ಬೆರಳೆಲ್ಲ ದಣಿಯುತ್ತಿವೆ. ಬೆರಳೇ ದಣಿಯುತ್ತಿವೆಯೋ, ಬೇರೇನೋ, ನನಗೆ ಗೊತ್ತಾಗುವುದಿಲ್ಲ.

ಈ ವರ್ಷದ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಮೊಮ್ಮಗುವಿನ ನೆತ್ತಿಗೆ ಹಾಕಲೆಂದು ಗಾಣದಿಂದ ಹರಳೆಣ್ಣೆ ತರಿಸಿದೆ. ಮುಚ್ಚಳ ತೆಗೆದದ್ದೇ ತಡ, ಆ ಮಂದವಾದ, ಒಂಚೂರು ಕಮಟು ಸೇರಿದ ವಾಸನೆ ಬಂದು ಮೂಗಿಗೆ ಅಂಟಿಕೊಂಡಿತು. ಬೇರೆಯವರಿಗೆ ಅದು ಬಾಣಂತಿ ಕೋಣೆಯ ವಾಸನೆ. ನನಗೆ ಹಸಿವಿನ ವಾಸನೆ. ಸೀಸೆ ಕೈಯಲ್ಲಿ ಹಿಡಿದು ಅಲ್ಲೇ ಕೂತೆ. ಸೊಸೆ ಬಂದು, ಯಾಕತ್ತೆ ತಲೆ ಸುತ್ತುತ್ತಾ ಅಂತ ಕೇಳಿದಳು. ಇಲ್ಲ ಅಂದೆ. ಕನಕಪುರದ ಕಡೆಯ ನಮ್ಮ ಊರು, ಬೀದಿಯ ತುದಿಯ ಕಲ್ಲಿನ ಶಿಲುಬೆ, ಆ ಬೀದಿಯ ನಡುವೆ ಹೆಂಚಿನ ಮಾಡು ಸ್ವಲ್ಪ ಕುಸಿದ ನಮ್ಮ ಮನೆ, ಅದರೊಳಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಗೋಡೆಗೊರಗಿ ಕೂತ ನಮ್ಮ ಅಜ್ಜಿ, ಎಲ್ಲ ಆ ಸೀಸೆಯ ಬಾಯಿಂದ ಎದ್ದು ಬಂದವು. ಸೊಸೆಗೆ ಹೇಳಲು ಹೋದರೆ ಎಲ್ಲಿಂದ ಶುರು ಮಾಡಲಿ.

ನಮ್ಮ ಬೀದಿಯವರೆಲ್ಲ ಕ್ರೈಸ್ತರು. ತಾತನ ತಾತನ ಕಾಲದಿಂದ ಅಲ್ಲೇ ಇದ್ದವರು. ಬೀದಿ ದಾಟಿ ಕಿರುಹಾದಿಯಲ್ಲಿ ಹೋದರೆ ಗೌಡರ ಕೇರಿ. ಅವರೂ ರಾಗಿ ಬೆಳೆಯುತ್ತಿದ್ದರು, ನಾವೂ ರಾಗಿ ಬೆಳೆಯುತ್ತಿದ್ದೆವು; ಅವರೂ ರೇಷ್ಮೆಹುಳ ಸಾಕುತ್ತಿದ್ದರು, ನಾವೂ ಸಾಕುತ್ತಿದ್ದೆವು; ಮಾತೂ ಒಂದೇ, ಮುದ್ದೆಯೂ ಒಂದೇ. ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನ ಬಂದಾಗ ಮಾತ್ರ ನಮ್ಮ ಬೀದಿ ಬೇರೆಯಾಗುತ್ತಿತ್ತು. ಅದೇ ತಪಸ್ಸುಕಾಲ. ಮಾಂಸವಿಲ್ಲ, ಮದುವೆಯಿಲ್ಲ, ತಮಟೆಯಿಲ್ಲ. ಹಣೆಗೆ ಬೂದಿ ಹಚ್ಚಿಸಿಕೊಂಡ ದಿನದಿಂದ ಮನೆಮನೆಯಲ್ಲೂ ಯಾರಾದರೂ ಒಪ್ಪೊತ್ತು ಹಿಡಿಯುತ್ತಿದ್ದರು, ಅಂದರೆ ಹಗಲೆಲ್ಲ ಬರೀ ನೀರು, ಸಂಜೆ ಒಂದು ಹೊತ್ತಿಗೆ ಗಂಜಿ. ಎಲ್ಲರೂ ದಿನಾ ಹಿಡಿದರೆ ಹೊಲದ ಕೆಲಸ, ಹುಳದ ಕೆಲಸ ಯಾರು ಮಾಡುವುದು? ಅದಕ್ಕೆ ನಮ್ಮ ಮನೆಯಲ್ಲಿ ಅಜ್ಜಿ ಒಂದು ಪದ್ಧತಿ ಇಟ್ಟಿದ್ದಳು. ಬಾವಿಯ ನೀರಿಗೆ ಪಾಳಿ ಇರುವ ಹಾಗೆ ಒಪ್ಪೊತ್ತಿಗೂ ಪಾಳಿ. ಸೋಮವಾರ, ಗುರುವಾರ ಅಪ್ಪನವು. ಮಂಗಳವಾರ ಅವ್ವನದು. ಬುಧವಾರ ಅಜ್ಜಿಯದು. ಶನಿವಾರ ಅಕ್ಕನದು. ಶುಕ್ರವಾರ ಎಲ್ಲರದೂ. ಭಾನುವಾರ ಯಾರದೂ ಅಲ್ಲ. ಒಬ್ಬರು ಹಿಡಿದರೆ ಅದು ಮನೆಮಂದಿಗೆಲ್ಲ ಸಂದ ಹಾಗೆ. ಯಾರಿಗಾದರೂ ಜ್ವರ ಬಂದು ತಪ್ಪಿದರೆ, ಹೊತ್ತು ಮುಳುಗುವುದರೊಳಗೆ ಇನ್ನೊಬ್ಬರು ಅದನ್ನು ಎತ್ತಿಕೊಳ್ಳಬೇಕು. ಮನೆಯ ಒಪ್ಪೊತ್ತು ನಡುವೆ ಮುರಿಯಕೂಡದು. ಇದನ್ನು ಚರ್ಚಿನ ಯಾವ ಸ್ವಾಮಿಗಳೂ ಹೇಳಿಕೊಟ್ಟದ್ದಲ್ಲ, ನಮ್ಮ ಮನೆಯದೇ.

ಪಾಳಿ ಹಿಡಿದವರು ಬೆಳಿಗ್ಗೆ ಎದ್ದು ಮುಖ ತೊಳೆದು ತಲೆಗೆ ಹರಳೆಣ್ಣೆ ಹಚ್ಚಿ ಬಾಚಿಕೊಳ್ಳಬೇಕಿತ್ತು. ಉಪವಾಸ ಮಾಡುವವರು ಮುಖ ಬಾಡಿಸಿಕೊಂಡು ಊರಿಗೆಲ್ಲ ಸಾರಬಾರದು ಅಂತ ಯೇಸುಸ್ವಾಮಿ ಹೇಳಿದ್ದಾರೆ ಅನ್ನುವುದು ಅಜ್ಜಿ ಕೊಡುತ್ತಿದ್ದ ಕಾರಣ. ಹೊರಗಿನವರಿಗೆ ಗೊತ್ತಾಗದಿರಲಿ ಅಂತ ಹಚ್ಚಿದ ಎಣ್ಣೆ, ಮನೆಯೊಳಗೆ ಮಾತ್ರ ಇವತ್ತು ಯಾರ ಪಾಳಿ ಅಂತ ವಾಸನೆಯಿಂದಲೇ ಹೇಳುತ್ತಿತ್ತು. ಅಜ್ಜಿಯ ಬುಧವಾರಗಳಲ್ಲಿ ನಾನು ಅವಳ ತೊಡೆಗೆ ಒರಗಿಕೊಂಡೇ ಇರುತ್ತಿದ್ದೆ. ಅವಳ ಹೊಟ್ಟೆ ಗುರ್ ಅನ್ನುವುದು ನನ್ನ ಕಿವಿಗೆ ಕೇಳುತ್ತಿತ್ತು. "ಅಜ್ಜಿ, ನಿನ್ನೊಟ್ಟೆ ಬೈತಾ ಐತೆ," ಅಂದರೆ, "ಬೈಲಿ ಬುಡು, ವಾರಕ್ಕೆಲ್ಡ್ ದಿನ ಬೈತದೆ, ಮಿಕ್ಕ ದಿನೆಲ್ಲ ನಾನೇ ಅದನ್ನ ಬೈತೀನಲ್ಲ," ಅಂತ ನಗುತ್ತಿದ್ದಳು. ಹಸಿದ ಮನುಷ್ಯರು ಸಿಡುಕುವುದನ್ನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ. ಅಜ್ಜಿ ಬುಧವಾರ ಯಾರಿಗೂ ಸಿಡುಕಿದ್ದು ನೆನಪಿಲ್ಲ. ಅವತ್ತು ಅವಳ ದನಿ ಒಂಚೂರು ಇಳಿದಿರುತ್ತಿತ್ತು, ಅಷ್ಟೇ, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡಿದ ಹಾಗೆ.

ಎಣ್ಣೆ ಹಚ್ಚಿದವರಿಗೆ ಇನ್ನೊಂದು ಕಟ್ಟಳೆಯಿತ್ತು. ಅವತ್ತು ಅವರು ಹುಳದ ಮನೆಗೆ ಕಾಲಿಡುವಂತಿಲ್ಲ, ರೇಷ್ಮೆಹುಳಕ್ಕೆ ಎಣ್ಣೆ ವಾಸನೆ ಆಗದು ಅಂತ. ನಮ್ಮ ಮನೆಯ ಅರ್ಧ ನಮ್ಮದು, ಅರ್ಧ ಹುಳದ್ದು. ಒಳಮನೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಅದರಲ್ಲಿ ಹುಳ, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು. ಹಸಿ ಸೊಪ್ಪಿನ ವಾಸನೆ, ಹಿಕ್ಕೆಯ ವಾಸನೆ, ಸುಣ್ಣದ ಪುಡಿಯ ವಾಸನೆ ಸೇರಿ ನಮ್ಮ ಬಟ್ಟೆಗೆಲ್ಲ ಹತ್ತಿರುತ್ತಿತ್ತು. ಚರ್ಚಿನ ಪೂಜೆಗೆ ಹೋದಾಗ ಪಕ್ಕದಲ್ಲಿ ಮೊಣಕಾಲೂರಿದವರು ಹುಳದ ಮನೆಯವರೋ ಅಲ್ಲವೋ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಹುಳದ ಜವಾಬ್ದಾರಿ ಅಕ್ಕನದು. ಅವಳ ಹೆಸರು ಜಪಮಾಲೆ, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹುಳ ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು. "ನೋಡಮ್ಮಿ, ಹುಳಾನೂ ಒಪ್ಪೊತ್ತು ಹಿಡಿದವೆ, ತಲೆ ಎತ್ಕೊಂಡು ಜಪ ಮಾಡ್ತಾವೆ," ಅನ್ನುತ್ತಿದ್ದಳು ಅಕ್ಕ. ಮಾರನೆಯ ದಿನ ಕೆಲವು ಹುಳ ಎದ್ದು ಸೊಪ್ಪಿಗಾಗಿ ತಡಕಾಡುತ್ತವೆ, ಕೆಲವು ಇನ್ನೂ ಎದ್ದಿರುವುದಿಲ್ಲ. ಎದ್ದವಕ್ಕೆ ಹಾಕಿಬಿಟ್ಟರೆ ಅವು ಮುಂದೆ ಹೋಗಿ, ಹಿಂದಿನವು ಸೊಪ್ಪಿನಡಿ ಸಿಕ್ಕಿ ಹಾಳಾಗುತ್ತವೆ. ನಾನು ಅವಸರ ಮಾಡಿದರೆ ಅಕ್ಕ ಕೈ ಹಿಡಿಯುತ್ತಿದ್ದಳು. "ತಡಿ. ಹಿಂದ್ಲ ಹುಳ ಏಳ್ಲಿ. ಎಲ್ಲಾ ಎದ್ದ ಮೇಲೇ ಸೊಪ್ಪು." ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡೆಯ ಹುಳ ಏಳುವವರೆಗೆ ಕಾಯುತ್ತಿದ್ದಳು. ಕಾಯುವುದರಲ್ಲಿ ಅವಳಿಗೆ ಬೇಸರವೇ ಇರಲಿಲ್ಲ.

ಅಜ್ಜಿ ಹೋದದ್ದು ಒಂದು ಚಳಿಗಾಲದಲ್ಲಿ. ಸ್ವಾಮಿಗಳು ಬಂದು ಕಡೆಯ ಅಭ್ಯಂಗ ಕೊಟ್ಟು ಹೋಗಿದ್ದರು. ಹಣೆಯ ಮೇಲೆ ಆ ಎಣ್ಣೆ ಇನ್ನೂ ಮಿನುಗುತ್ತಿತ್ತು. ಅಪ್ಪನನ್ನು, ಅವ್ವನನ್ನು, ಅಕ್ಕನನ್ನು ಒಬ್ಬೊಬ್ಬರನ್ನಾಗಿ ಕರೆದು ಶಿಲುಬೆ ಗುರುತು ಹಾಕಿದ ಮೇಲೆ ನನ್ನನ್ನು ಕರೆದಳು. ನನಗೆ ಹನ್ನೆರಡು ವರ್ಷವಿರಬೇಕು. "ತೆರೇಸಿ, ನಿಂಗಿನ್ನೂ ಪಾಳಿ ಇಲ್ವಲ್ಲ ಮಗಾ. ನನ್ನ ಬುಧವಾರ ನೀನಿಟ್ಕೊ," ಅಂದಳು. ನಾನು ತಲೆಯಾಡಿಸಿದೆ. "ಬಾಯ್ಬುಟ್ಟು ಯೋಳು." "ಇಟ್ಕೋತೀನಜ್ಜಿ," ಅಂದೆ. ಆಗ ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆ. ಎಲ್ಲರಿಗೂ ಒಂದೊಂದು ದಿನವಿತ್ತು, ನನಗೂ ಈಗ ಒಂದಾಯಿತು ಅನ್ನುವ ಹೆಮ್ಮೆ.

ಮೊದಲ ವರ್ಷ ಬೂದಿ ಬುಧವಾರ ಹೇಗೋ ನಡೆಯಿತು. ಅವ್ವನೇ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಮುಂದಿನ ಬುಧವಾರಗಳಲ್ಲೂ ತಲೆನೋವು, ಕಣ್ಣು ಕತ್ತಲೆ ಅಂತ ಗೊಣಗಿಕೊಂಡೇ ಸಂಜೆಯ ಗಂಟೆಯವರೆಗೆ ಎಳೆದೆ. ಆಮೇಲೆ ಯುಗಾದಿ ಬಂತು. ಆ ಸಲ ಯುಗಾದಿ ಮಂಗಳವಾರ. ಮಾರನೆಯ ದಿನ ಗೌಡರ ಕೇರಿಯಲ್ಲಿ ಹೊಸತೊಡಕು. ನಮ್ಮ ಕಡೆ ಗೊತ್ತಲ್ಲ, ಯುಗಾದಿಗೆ ಒಬ್ಬಟ್ಟು, ಹೊಸತೊಡಕಿಗೆ ಬಾಡು. ಬೆಳಿಗ್ಗೆ ಹತ್ತಕ್ಕೆಲ್ಲ ಕೇರಿಯ ಮೇಲಿಂದ ಗಾಳಿ ನಮ್ಮ ಬೀದಿಗೆ ತಿರುಗಿತು. ಹುರಿದ ಕೊತ್ತಂಬರಿ ಬೀಜ, ಗಸಗಸೆ, ಚಕ್ಕೆ, ಕಾಯಿ, ಅದರ ಕೆಳಗೆ ಬೇಯುತ್ತಿರುವ ಮಾಂಸ. ನನ್ನ ಜಡೆಯ ಹರಳೆಣ್ಣೆ ವಾಸನೆಯನ್ನು ಅದು ನುಂಗಿಹಾಕಿತು. ಹುಳದ ಮನೆಗೆ ಹೋಗುವಂತಿಲ್ಲ, ಶಾಲೆಗೆ ರಜೆ. ಕಾಲು ತಾನಾಗಿ ಕಿರುಹಾದಿ ಹಿಡಿಯಿತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಲು ತಾನಾಗಿ ಹೋಗುವುದಿಲ್ಲ. ನಾನೇ ಹೋದೆ.

ಸಾಕಿ ನನ್ನ ಕ್ಲಾಸಿನವಳು. ಅವರ ಮನೆಯ ಜಗಲಿಯ ಮೇಲೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. "ಏನಮ್ಮಿ, ಎಣ್ಣೆ ಕೊಡಕ್ಕೆ ಬಿದ್ದೆದ್ದು ಬಂದಂಗಿದ್ದೀಯ," ಅಂದಳು.

"ಇವತ್ತು ನಂದು ಒಪ್ಪೊತ್ತು."

"ಹೊಸತೊಡಕಿನ ದಿನ ಒಪ್ಪೊತ್ತಾ? ನಿಮ್ ದೇವ್ರ ಮನೇಲಿ ಕ್ಯಾಲೆಂಡರ್ ಇಲ್ವೇನಮ್ಮಿ?"

ಒಳಗಿಂದ ಅವಳವ್ವ ಕೆಂಪಮ್ಮ ಗದರಿದಳು. "ಸುಮ್ಕಿರೇ, ಅವ್ರ ದೇವ್ರು ಅವ್ರಿಗೆ, ನಿನ್ನ ನಾಲ್ಗೆ ನಿಂಗೆ. ತೆರೇಸಮ್ಮಾ, ಉಣ್ಣಂಗಿಲ್ದಿದ್ರೆ ಬ್ಯಾಡ ಕಣವ್ವ. ಹಿಂಗ್ ಬಂದು ನೆಳ್ಳಲ್ಲಿ ಕುಂತ್ಕೊ, ಬಿಸ್ಲೈತೆ."

ಯಾರೂ ಬಲವಂತ ಮಾಡಲಿಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಅಕ್ಕನಿಗೆ ನಾನು ಬೇರೆ ಥರ ಹೇಳಿದೆ. ಸಾಕಿ ಮೂಳೆಯ ತುದಿ ಕಚ್ಚಿ ಒಳಗಿನ ನೆಣವನ್ನು ಸುರ್ ಅಂತ ಎಳೆದಳು. ನಾನೇ, "ಒಂಚೂರು ಕೊಡೇ," ಅಂದೆ. ಒಂಚೂರು ಇನ್ನೊಂಚೂರಾಯಿತು. ಕೆಂಪಮ್ಮ ಏನೂ ಕೇಳದೆ ಇನ್ನೊಂದು ತಟ್ಟೆ ತಂದಿಟ್ಟು, ಬಿಸಿ ಮುದ್ದೆ ಹಾಕಿ, ಗುಂಡಿ ಮಾಡಿ ಸಾರು ಬಿಟ್ಟಳು. ನಾನು ತಟ್ಟೆ ಬಳಿದು ತಿಂದೆ. ತಿನ್ನುವಾಗ ಅಜ್ಜಿ ನೆನಪಾಗಲೇ ಇಲ್ಲ. ಅದೇ ನನ್ನನ್ನು ಈಗಲೂ ಕೊರೆಯುವುದು. ನೆನಪಾಗಿ, ಅಳುತ್ತಾ ತಿಂದಿದ್ದರೆ ಅದೊಂದು ಮಾತು. ರುಚಿಯೊಂದೇ ಇತ್ತು.

ಮನೆಗೆ ಬರುವ ದಾರಿಯಲ್ಲಿ ತೊಟ್ಟಿಯ ಹತ್ತಿರ ಮಣ್ಣು ಹಚ್ಚಿ ಕೈ ತೊಳೆದೆ. ಅಕ್ಕ ಹಿತ್ತಲಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟಳು. ಬಲಗೈ ಹಿಡಿದು ಮೂಗಿಗೆ ತಂದುಕೊಂಡಳು. ಮಸಾಲೆಯ ವಾಸನೆ ಮಣ್ಣಿಗೆ ಹೋಗುವಂಥದ್ದೇ?

"ಎಷ್ಟು ತಿಂದೆ?"

"ಎಲ್ಡ್ ತುತ್ತು. ಸಾಕಿ ಬಲವಂತ ಮಾಡಿದ್ಲು."

"ಮೂಳೆ ಚೀಪಿದ್ಯಾ?"

ನಾನು ಕೈ ಬಿಡಿಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ಅಪ್ಪಂಗೆ ಯೋಳ್ಬ್ಯಾಡಕ್ಕ," ಅಂತ ಅವಳ ಸೆರಗು ಹಿಡಿದೆ. ಅಕ್ಕ ಸೂರ್ಯನ ಕಡೆ ನೋಡಿದಳು, ಹೊತ್ತು ಎಷ್ಟು ಉಳಿದಿದೆ ಅಂತ ಅಳೆಯುವವಳ ಹಾಗೆ. "ನಾನು ಬೆಳಿಗ್ಗೆ ಒಸಿ ಅಂಬ್ಲಿ ಕುಡಿದಿವ್ನಿ. ಅದ್ಕೆ ಬದ್ಲಾಗಿ ನಾಳೆ ಬೆಳಗಿನ ಗಂಟ ಎಳೀತೀನಿ. ಇವತ್ತಿಂದು ನಂಗಿರ್ಲಿ. ಮನೆ ಒಪ್ಪೊತ್ತು ಮುರೀಬಾರ್ದು." ಆಮೇಲೆ ನನ್ನ ಕೆನ್ನೆ ತಟ್ಟಿ, "ನೀನು ಹಿಂದ್ಲ ಹುಳ ಕಣಮ್ಮಿ. ಒಸಿ ತಡ ಆಯ್ತದೆ, ಎದ್ದೇ ಏಳ್ತೀಯ. ನಾನು ಕಾಯ್ತೀನಿ," ಅಂದಳು. ಹೇಳಿ ಮತ್ತೆ ಕತ್ತಿ ಎತ್ತಿಕೊಂಡಳು.

ಸಂಜೆ ಚರ್ಚಿನ ಗಂಟೆ ಹೊಡೆದ ಮೇಲೆ ನಮ್ಮ ಮನೆಯಲ್ಲಿ ದೇವಮಾತೆಯ ಪಟವಿಟ್ಟ ಗೋಡೆಯ ಮಾಡದ ಮುಂದೆ ಮೇಣದಬತ್ತಿ ಹಚ್ಚಿ ಜಪಸರ ಹೇಳುತ್ತಿದ್ದೆವು. ಅದು ಮುಗಿದ ಮೇಲೆ ಪಾಳಿ ಹಿಡಿದವರು ಮೊದಲ ಗುಟುಕು ಗಂಜಿ ಕುಡಿಯಬೇಕು, ಅಲ್ಲಿಯವರೆಗೆ ಮಿಕ್ಕವರು ತಟ್ಟೆ ಮುಟ್ಟುವಂತಿಲ್ಲ. ಅವತ್ತು ಅಪ್ಪ ತಾನೇ ಬಟ್ಟಲಿಗೆ ಗಂಜಿ ಬಗ್ಗಿಸಿ, ಉಪ್ಪು ಹಾಕಿ, ಎರಡು ಕೈಯಲ್ಲಿ ನನ್ನ ಮುಂದೆ ಹಿಡಿದ. "ಹೊಸತೊಡಕಿನ ವಾಸ್ನೇಲೂ ನಮ್ಮವ್ವನ ದಿನ ಉಳಿಸ್ದಲ್ಲ ಮಗಾ," ಅಂದ. ದಿನವೆಲ್ಲ ಕಲ್ಲುಕ್ವಾರಿಯಲ್ಲಿ ಸುತ್ತಿಗೆ ಹಿಡಿದ ಆ ಕೈಗಳು ಬಟ್ಟಲಿನ ಸುತ್ತ ಎಷ್ಟು ಮೆತ್ತಗಿದ್ದವು. ನಾನು ತೆಗೆದುಕೊಂಡು ಕುಡಿದೆ. ಎಲ್ಲರೂ ಉಂಡರು. ಅಕ್ಕ ಹೊಟ್ಟೆ ಸರಿಯಿಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದಳು. ಅವ್ವ ಓಮದ ಕಷಾಯ ಮಾಡಿಕೊಡುತ್ತೇನೆ ಅಂದಾಗ, ಬ್ಯಾಡವ್ವ, ಬರೀ ನೀರು ಸಾಕು ಅಂದಳು.

ಅಲ್ಲಿಗೆ ಮುಗಿದಿದ್ದರೆ ಅದು ಮಕ್ಕಳ ತಪ್ಪು. ಮುಗಿಯಲಿಲ್ಲ. ಮುಂದಿನ ಬುಧವಾರ ಅವ್ವ ನನಗೆ ಎಣ್ಣೆ ಹಚ್ಚಿದಳು. ಮಧ್ಯಾಹ್ನ ಅಕ್ಕ ತನ್ನ ಪಾಲಿನ ಮುದ್ದೆಯನ್ನು ಬಟ್ಟಲಿಗೆ ಹಾಕಿಕೊಂಡು ಸೊಪ್ಪು ಕುಯ್ಯಲು ಹೊರಟಳು, ಹೊಲದಲ್ಲೇ ಉಣ್ಣುತ್ತೇನೆ ಅಂತ ಹೇಳಿ. ನಾನು ಹಿಂದೆ ಹೋದೆ. ಬದುವಿನ ಮೇಲೆ ಬಟ್ಟಲು ಇಟ್ಟು, "ಆದ್ರೆ ಹಿಡಿ, ಆಗ್ದಿದ್ರೆ ಉಣ್ಣು. ಬೆಳೆಯೋ ಮೈ," ಅಂದಳು. ಅವತ್ತು ತಲೆಯಲ್ಲಾಡಿಸಿ ಬೇಡ ಅಂದೆ, ಆಮೇಲೆ ಅವಳು ಸಾಲಿನ ತುದಿಗೆ ಹೋದಾಗ ಉಂಡೆ. ಅದರ ಮುಂದಿನ ವಾರ ಬೇಡ ಅನ್ನಲೂ ಇಲ್ಲ. ಹೀಗೆ ಅದು ರೂಢಿಯಾಯಿತು. ಅಕ್ಕ ಎಣ್ಣೆ ಹಚ್ಚುವಂತಿರಲಿಲ್ಲ, ಹಚ್ಚಿದರೆ ಮನೆಯಲ್ಲಿ ಗೊತ್ತಾಗುತ್ತದೆ. ಎಣ್ಣೆ ಇಲ್ಲದ್ದರಿಂದ ಹುಳದ ಮನೆಯ ಕೆಲಸವೂ ಅವಳಿಗೆ ತಪ್ಪಲಿಲ್ಲ. ಒಣತಲೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ತಟ್ಟೆ ಇಳಿಸುತ್ತಿದ್ದಳು, ಹಿಕ್ಕೆ ತೆಗೆಯುತ್ತಿದ್ದಳು, ಸೊಪ್ಪು ಹಾಕುತ್ತಿದ್ದಳು. ಎಣ್ಣೆ ನನ್ನ ತಲೆಯಲ್ಲಿ, ಹಸಿವು ಅವಳ ಹೊಟ್ಟೆಯಲ್ಲಿ. ಸಂಜೆ ಮೊದಲ ಗುಟುಕು ನನ್ನದೇ. ಆ ಗುಟುಕು ಕುಡಿಯುವಾಗ ಅಕ್ಕ ನನ್ನನ್ನು ನೋಡುತ್ತಿದ್ದಳು. ಕೋಪದಿಂದಲ್ಲ. ತಟ್ಟೆಯ ಪಕ್ಕ ಕೂತು ಕಡೆಯ ಹುಳವನ್ನು ನೋಡುತ್ತಿದ್ದಳಲ್ಲ, ಹಾಗೆ.

ಇದನ್ನು ಓದುವ ನಿಮಗೂ ಇಂಥ ಒಂದು ಮನೆ ಇದ್ದಿರಬೇಕು, ಈಗ ಇಲ್ಲದ್ದು. ನಮ್ಮದು ಸದ್ದಿಲ್ಲದೆ ಹೋಯಿತು. ನನಗೆ ಚನ್ನಪಟ್ಟಣಕ್ಕೆ ಮದುವೆಯಾಯಿತು. ಅಕ್ಕನಿಗೆ ಬಂದ ಸಂಬಂಧಗಳು ಬಂದ ಹಾಗೇ ಹಿಂದೆ ಹೋದವು, ಆಮೇಲೆ ಅವ್ವ ಹಾಸಿಗೆ ಹಿಡಿದಳು, ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಅಪ್ಪ ಒಂದು ಸೋಮವಾರ ಹೋದ, ಅವನದೇ ಪಾಳಿಯ ದಿನ. ಅವ್ವ ತೀರಿಕೊಂಡ ವರ್ಷ ಅಕ್ಕ ಹುಳ ಇಡುವುದನ್ನು ನಿಲ್ಲಿಸಿದಳು. ಬಿದಿರಿನ ತಟ್ಟೆಗಳನ್ನು ಯಾರೋ ಸೌದೆಗೆ ಒಯ್ದರು. ಹುಳದ ಮನೆಯ ಭಾಗ ಬಿದ್ದುಹೋಗಿ ಅಲ್ಲೀಗ ಪಕ್ಕದವರ ಬೈಕು ನಿಲ್ಲುತ್ತದೆ. ಸೊಪ್ಪಿನ ತೋಟದಲ್ಲಿ ತೆಂಗು ಬಂದಿದೆ. ಆ ಮನೆಯಲ್ಲಿ ಉಳಿದದ್ದು ಅಕ್ಕನೂ ಮನೆಯ ಒಪ್ಪೊತ್ತೂ. ಹೋದವರ ಪಾಳಿಗಳೆಲ್ಲ ಒಂದೊಂದಾಗಿ ಅವಳ ಮೇಲೆ ಬಿದ್ದವು. ತಪಸ್ಸುಕಾಲದಲ್ಲಿ ಫೋನು ಮಾಡಿದರೆ ಅವಳ ದನಿ ಒಂಚೂರು ಇಳಿದಿರುತ್ತಿತ್ತು. ಬುಧವಾರ ನಾನು ಫೋನು ಮಾಡುತ್ತಿರಲಿಲ್ಲ. ಕಾರ್ಖಾನೆಯ ಕೆಲಸ, ಮಕ್ಕಳು, ಗಂಡನ ಕಾಯಿಲೆ ಅಂತ ಕಾರಣಗಳಿಗೇನು ಬರಗಾಲವೇ? ನಿಜವಾದ ಕಾರಣ, ಅವಳು ಉಂಡಿಲ್ಲ ಅಂತ ನನಗೆ ಗೊತ್ತಿರುತ್ತಿತ್ತು, ನಾನು ಉಂಡಿರುತ್ತಿದ್ದೆ.

ಹೋದ ವರ್ಷದ ತಪಸ್ಸುಕಾಲದಲ್ಲಿ ಅವಳು ಚರ್ಚಿನಲ್ಲಿ ಬಿದ್ದಳು. ಬುಧವಾರವೇ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಏನೂ ತಿನ್ನದೆ ಹೋಗಿದ್ದಳಂತೆ. ಕನಕಪುರದ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಸುದ್ದಿ ಬಂದು ನಾನು ಓಡಿದೆ. ಇನ್ನೊಂದು ಸಲ ಹೀಗಾದರೆ ಎದ್ದೇಳುವುದು ಕಷ್ಟ ಅಂತ ಡಾಕ್ಟರು ನನ್ನ ಮುಂದೆಯೇ ಹೇಳಿದರು. ಸಂಜೆ ನಮ್ಮ ಊರಿನ ಸ್ವಾಮಿಗಳು ನೋಡಲು ಬಂದರು. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮಂಚದ ಪಕ್ಕ ಕೂತು, "ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ ಅಂತ ಧರ್ಮಸಭೆಯೇ ಹೇಳುತ್ತೆ ಜಪಮಾಲಮ್ಮ. ನಾನ್ ಹೇಳ್ತಿದ್ದೀನಿ, ಬಿಟ್ಬಿಡಿ," ಅಂದರು.

"ಬುಟ್ಟಿವ್ನಿ ಸ್ವಾಮಿ. ನಂದು ಬುಟ್ಟೆ, ಅಪ್ಪಂದು ಅವ್ವಂದೂ ಬುಟ್ಟೆ. ಬುಧವಾರ ಒಂದು ನಂದಲ್ಲ. ನಂದಲ್ದೇ ಇರೋದ ನಾನೆಂಗೆ ಬುಡ್ಲಿ?"

"ಮತ್ಯಾರದಮ್ಮ ಅದು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಸಲೈನ್ ಬಾಟಲಿಯ ಕಡೆ ನೋಡಿದಳು. "ಇಟ್ಕೊ ಅಂತ ಕೈಗೆ ಬಂದೈತೆ. ಅವ್ರು ಬಂದು ಕೇಳಿದ್ರೆ ಕೊಟ್ಬುಡ್ತೀನಿ."

ನಾನು ಮಂಚದ ಕಾಲಬಳಿ ಫ್ಲಾಸ್ಕು ಹಿಡಿದು ನಿಂತಿದ್ದೆ. ನಂದು ಸ್ವಾಮಿ, ಅನ್ನಬೇಕಿತ್ತು. ಒಂದೇ ಮಾತು. ಸ್ವಾಮಿಗಳಿದ್ದರು, ನರ್ಸಮ್ಮ ಇದ್ದಳು, ಪಕ್ಕದ ಮಂಚದವರಿದ್ದರು, ನನ್ನ ಮಗನೂ ಬಾಗಿಲಲ್ಲಿದ್ದ. ಅಷ್ಟು ಜನರ ಮುಂದೆ ನಾನು ಬಾಯಿ ತೆರೆದು ಅಂದದ್ದು, "ಸ್ವಾಮಿ, ಕಾಫಿ ಕುಡೀತೀರಾ?"

ಆ ಮಾತಿನ ಭಾರ ಹೊತ್ತು ಒಂದು ವರ್ಷ ಬೊಂಬೆಗಳಿಗೆ ಕಣ್ಣು ಬರೆದೆ. ಈ ಸಲ ಆ ಸೀಸೆಯ ಮುಚ್ಚಳ ತೆಗೆದ ಮೇಲೆ ಇನ್ನು ತಡೆಯಲಾಗಲಿಲ್ಲ. ಬುಧವಾರ ಬೆಳಿಗ್ಗೆ ಎದ್ದು ಮುಖ ತೊಳೆದು, ನರೆತ ತಲೆಗೆ ಹರಳೆಣ್ಣೆ ಹಚ್ಚಿ ಬಾಚಿಕೊಂಡೆ. ಸೊಸೆ ಕೊಟ್ಟ ಕಾಫಿಯನ್ನು ಬೇಡ ಅಂದೆ. ಸಾತನೂರಿನ ಮೇಲೆ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಹೊಟ್ಟೆ ಬೈಯತೊಡಗಿತು. ಬೈಯಲಿ ಅಂತ ಬಿಟ್ಟೆ. ಪಕ್ಕದ ಹೆಂಗಸು ಎಣ್ಣೆಯ ವಾಸನೆಗೆ ಸೆರಗು ಮೂಗಿಗಿಟ್ಟು ಆಚೆ ಸರಿದಳು.

ಅಕ್ಕ ಜಗಲಿಯ ಮೇಲೆ ಒಣತಲೆಯಲ್ಲಿ ಕೂತು ರಾಗಿ ಕೇರುತ್ತಿದ್ದಳು. ಮೊರ ಅವಳ ಕೈಯಲ್ಲಿ ಮೊದಲಿನ ಹಾಗೆ ಆಡುತ್ತಿರಲಿಲ್ಲ. "ಇದೇನಮ್ಮಿ, ಯೋಳ್ದೆ ಕೇಳ್ದೆ? ಗಂಡ ಓಡ್ಸಿದ್ನಾ?" ಅಂತ ನಕ್ಕಳು. ಹತ್ತಿರ ಹೋದಾಗ ನಗು ನಿಂತಿತು. ಮೂಗು ಒಮ್ಮೆ ಅರಳಿತು. ಏನೋ ಹೇಳಲು ಹೋಗಿ, "ಈ ವಯಸ್ನಲ್ಲಿ ಇಷ್ಟೊಂದು ಎಣ್ಣೆ ಹಾಕಿದ್ರೆ ದಿಂಬೆಲ್ಲ ಜಿಡ್ಡಾಯ್ತದೆ," ಅಂದು ಮೊರ ಕೆಳಗಿಟ್ಟಳು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅವ್ವನ ಕಾಲದ್ದೇ ಮುದ್ದೆ ಕೋಲು. ನೀರು ಕುದಿಯಿತು, ಹಿಟ್ಟು ಬೆಂದಿತು, ತಿರುವಿದೆ. ಹುರುಳಿಕಾಳಿನ ಸಾರು ಕಾಯಿಸಿದೆ. ಮುದ್ದೆಯ ಹಬೆ ಮುಖಕ್ಕೆ ಹೊಡೆದಾಗ ನನಗೇ ಕಣ್ಣು ಕತ್ತಲೆ ಬಂತು; ಖಾಲಿ ಹೊಟ್ಟೆಯಲ್ಲಿ ಒಲೆಯ ಮುಂದೆ ನಿಲ್ಲುವುದು ಹೇಗಿರುತ್ತದೆ ಅಂತ ಅಷ್ಟು ವಯಸ್ಸಿಗೆ ಮೊದಲ ಸಲ ಗೊತ್ತಾಯಿತು. ಒಂದೇ ತಟ್ಟೆ ತಂದು ಅವಳ ಮುಂದಿಟ್ಟೆ. ಪಕ್ಕದಲ್ಲಿ ಅವಳ ಮಾತ್ರೆ, ನೀರು. ನನ್ನ ಮುಂದೆ ಬರೀ ಚೆಂಬು.

ಅಕ್ಕ ತಟ್ಟೆ ನೋಡಿದಳು. ಕೈ ಮಡಿಲಲ್ಲೇ ಇತ್ತು. "ಇವತ್ತು ಬುಧವಾರ ಕಣಮ್ಮಿ," ಅಂದಳು ಮೆಲ್ಲಗೆ.

ಹೊರಗೆ ಯಾರೋ ಬೈಕು ತಂದು ಹುಳದ ಮನೆ ಇದ್ದ ಜಾಗದಲ್ಲಿ ನಿಲ್ಲಿಸಿ ಹೋದರು. ಮಾಡದಲ್ಲಿ ದೇವಮಾತೆಯ ಪಟ ಮಸಿ ಹಿಡಿದು, ಮುಖ ಕಾಣುತ್ತಿರಲಿಲ್ಲ. ಅಪ್ಪ ಬಟ್ಟಲು ಹಿಡಿದು ನಿಲ್ಲುತ್ತಿದ್ದ ಜಾಗ, ಅವ್ವ ಜಡೆ ಹಾಕುತ್ತಿದ್ದ ಕಂಬ, ಅಜ್ಜಿ ಒರಗುತ್ತಿದ್ದ ಗೋಡೆ, ಅಲ್ಲಿ ಈಗ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ಅಕ್ಕನೊಬ್ಬಳೇ. ಬಾಯಿಬಿಟ್ಟು ಹೇಳು ಅಂತ ಅಜ್ಜಿ ಅವತ್ತೇ ಅಂದಿದ್ದಳು.

"ಅಕ್ಕ, ಹೊಸತೊಡಕಿನ ದಿನ ಸಾಕಿ ಬಲವಂತ ಮಾಡ್ಲಿಲ್ಲ. ನಾನಾಗೇ ಕೇಳಿ ತಿಂದೆ. ಎಲ್ಡ್ ತುತ್ತಲ್ಲ, ತಟ್ಟೆ ಬಳ್ಕೊಂಡು ತಿಂದೆ. ಆಮೇಲೆ ನಿನ್ನ ಮುದ್ದೇನೂ ತಿಂದೆ. ಆಸ್ಪತ್ರೇಲಿ ಸ್ವಾಮಿಗಳು ಕೇಳ್ದಾಗ ನಂದು ಅನ್ನಕ್ಕೆ ನಾಚ್ಕೊಂಡೆ. ತಪ್ಪಾಯ್ತು ಕಣಕ್ಕ. ತಡ ಆಯ್ತು, ಎದ್ದಿವ್ನಿ. ನನ್ನ ಬುಧವಾರ ನಂಗೆ ಕೊಡು. ನೀನು ಉಣ್ಣು."